ಗೀಜಗದ ಗೂಡಿಗೆ ಅಡಿಗೆಮನೆ ಯಾಕೆ?

ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ನಾವೆಲ್ಲ ಒಪ್ಪುತ್ತೇವೆ. ಆದರೆ ಅದೇ ಸುಳ್ಳು ನುಣುಪು ಕಾಗದದ ಮೇಲೆ, ಬಣ್ಣದ ಚಿತ್ರಗಳ ಜೊತೆ, ವಿಜ್ಞಾನ ಎಂಬ ಹಣೆಪಟ್ಟಿ ಕಟ್ಟಿಕೊಂಡು ಬಂದರೆ ದುಡ್ಡು ಕೊಟ್ಟು ಮನೆಗೆ ತರುತ್ತೇವೆ. ಮಕ್ಕಳಿಗಾಗಿ ಬರುವ ಪ್ರಾಣಿಪಕ್ಷಿಗಳ ಪುಸ್ತಕಗಳ ಮೇಲೆ ನನ್ನ ತಕರಾರು ಇಷ್ಟೆ: ಅವುಗಳಲ್ಲಿ ಎಷ್ಟೋ ಪುಸ್ತಕಗಳು ಕಾಡಿನ ಬಗ್ಗೆ ಹೇಳುತ್ತೇವೆಂದು ಹೊರಟು ನಮ್ಮ ಮನೆಯ ಬಗ್ಗೆ ಹೇಳಿ ಮುಗಿಸುತ್ತವೆ. ಅದೂ ತವರುಮನೆಯಲ್ಲ, ಅತ್ತೆಮನೆ.

ಮೂರನೇ ತರಗತಿಯ ಮೊಮ್ಮಗಳಿಗೆಂದು ಪುಸ್ತಕ ಪ್ರದರ್ಶನವೊಂದರಲ್ಲಿ ನಾನು ಕೊಂಡ ಪುಸ್ತಕವನ್ನೇ ನೋಡಿ. ಅದರಲ್ಲಿ ತಾಯಿ ಗೀಜಗ ಮರಿಗಳಿಗಾಗಿ ಪ್ರೀತಿಯಿಂದ ಗೂಡು ನೇಯುತ್ತದೆ. ಸೊಂಟಕ್ಕೆ ಏಪ್ರನ್ ಬೇರೆ. ತಂದೆ ಗೀಜಗ ಕೆಲಸಕ್ಕೆ ಹೋಗಿ ಕಾಳು ತರುತ್ತದೆ. ಮುಂದಿನ ಪುಟದಲ್ಲಿ ಸಿಂಹರಾಜ ಬೇಟೆಯಾಡಿ ಸಂಸಾರ ಸಾಕುತ್ತಾನೆ. ಅದರ ಮುಂದಿನ ಪುಟದಲ್ಲಿ ಕೋಗಿಲಮ್ಮ ಮಾವಿನ ಮರದಲ್ಲಿ ಕುಳಿತು ಇಂಪಾಗಿ ಹಾಡುತ್ತಾಳೆ. ಮೂರಕ್ಕೆ ಮೂರೂ ತಪ್ಪು.

ಗೀಜಗದ ಗೂಡು ನೇಯುವುದು ಗಂಡು. ಮಳೆಗಾಲ ಹಿಡಿದ ಮೇಲೆ ಅದರ ನೆತ್ತಿಗೆ ಅರಿಸಿನ ಬಳಿದಂತೆ ಹಳದಿ ಬರುತ್ತದೆ. ಭತ್ತದ ಎಲೆಯನ್ನೋ ಈಚಲ ಗರಿಯನ್ನೋ ಉದ್ದುದ್ದ ಸೀಳಿ ತಂದು, ಬಾವಿಯ ಮೇಲೆ ಬಾಗಿದ ಕೊಂಬೆಗೆ ಗಂಟು ಹಾಕಿ, ಕೊಕ್ಕಿನಲ್ಲೇ ಹೆಣೆಯುತ್ತದೆ. ಗೂಡು ಅರ್ಧವಾದಾಗ ಅದಕ್ಕೆ ಜೋತುಬಿದ್ದು ರೆಕ್ಕೆ ಬಡಿಯುತ್ತಾ ಹೆಣ್ಣುಗಳನ್ನು ಕರೆಯುತ್ತದೆ. ಹೆಣ್ಣು ಬಂದು ಒಳಹೊಕ್ಕು ನೋಡುತ್ತದೆ. ಸರಿ ಕಾಣದಿದ್ದರೆ ಹೊರಟೇ ಹೋಗುತ್ತದೆ. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತು ತಿಂದು ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎನ್ನುತ್ತಿದ್ದರಲ್ಲ, ಹಾಗೆ. ಒಪ್ಪಿದರೆ ಮಾತ್ರ ಗಂಡು ಉದ್ದನೆಯ ಕೊಳವೆ ಬಾಗಿಲು ಹೆಣೆದು ಗೂಡು ಪೂರೈಸುತ್ತದೆ. ಇದನ್ನೆಲ್ಲ ಸಲೀಂ ಅಲಿಯವರು 1930ರ ಸುಮಾರಿಗೆ, ಕೈಯಲ್ಲಿ ನೌಕರಿಯಿಲ್ಲದ ದಿನಗಳಲ್ಲಿ, ಮುಂಬಯಿ ಹತ್ತಿರದ ಕಿಹೀಮ್ ಎಂಬ ಹಳ್ಳಿಯಲ್ಲಿ ಗೂಡುಗಳ ಎದುರು ಕಾದು ಕುಳಿತು ನೋಡಿ ಬರೆದಿಟ್ಟರು. ತೊಂಬತ್ತು ವರ್ಷಗಳ ಮೇಲಾಯಿತು. ಮಕ್ಕಳ ಪುಸ್ತಕ ಬರೆಯುವವರ ಮನೆಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಹಾಗೆಂದು ಗಂಡು ಗೀಜಗ ಆದರ್ಶ ಪತಿಯೇನೂ ಅಲ್ಲ. ಹೆಣ್ಣು ಒಳಗೆ ಕಾವಿಗೆ ಕುಳಿತ ಮೇಲೆ ಅದು ಪಕ್ಕದಲ್ಲೇ ಇನ್ನೊಂದು ಗೂಡು ಶುರು ಮಾಡಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಇದನ್ನೂ ಬರೆಯಲಿ. ಬರೆಯದೆ ಬಿಡುವುದು ಮಗುವಿನ ಮರ್ಯಾದೆ ಕಾಯಲಿಕ್ಕಲ್ಲ, ನಮ್ಮ ಮರ್ಯಾದೆ ಕಾಯಲಿಕ್ಕೆ.

ಇನ್ನು ಸಿಂಹರಾಜ. ಆಫ್ರಿಕದ ಬಯಲುಗಳಲ್ಲಿ ಗುಂಪಾಗಿ ಬಾಳುವ ಸಿಂಹಗಳಲ್ಲಿ ಬೇಟೆಯ ಹೆಚ್ಚಿನ ಭಾರ ಹೆಣ್ಣುಗಳದು. ಬೇಟೆ ಬಿದ್ದ ಮೇಲೆ ಮುನ್ನುಗ್ಗಿ ಮೊದಲು ತಿನ್ನುವುದು ಗಂಡು. ಓದುತ್ತಿದ್ದಂತೆ ಯಾರಿಗೆ ಯಾರ ನೆನಪಾಯಿತೋ ನಾನು ಕೇಳುವುದಿಲ್ಲ. ಮಾವಿನ ಮರದಲ್ಲಿ ಕುಹೂ ಎನ್ನುವ ಕಪ್ಪು ಕೋಗಿಲೆಯೂ ಗಂಡೇ. ಹೆಣ್ಣು ಕೋಗಿಲೆ ಕಂದು ಮೈಯ ಮೇಲೆ ಬಿಳಿ ಚುಕ್ಕೆ ಹೊತ್ತು, ಹಾಡದೆ ಕಿಕ್ ಕಿಕ್ ಎಂದು ಕೂಗುತ್ತಾ, ಕಾಗೆಯ ಗೂಡು ಹುಡುಕುತ್ತಿರುತ್ತದೆ. ಹಾಡುವ ಹುಡುಗಿಯರನ್ನೆಲ್ಲ ಗಾನಕೋಗಿಲೆ ಎಂದು ಕರೆದ ನಮ್ಮ ಸಭೆಗಳ ನಿರೂಪಕರಿಗೆ ಇದು ಗೊತ್ತಾದರೆ ಏನು ಮಾಡುತ್ತಾರೋ!

‘ಸಣ್ಣ ಮಕ್ಕಳಿಗೆ ಅಷ್ಟೆಲ್ಲ ಯಾಕ್ರೀ, ಹಕ್ಕಿ ಹೆಸರು ಗೊತ್ತಾದರೆ ಸಾಕು’ ಎಂದು ನಮ್ಮ ಮಹಿಳಾ ಸಮಾಜದಲ್ಲೇ ಒಬ್ಬರು ಹೇಳಿದರು. ನನಗೆ ಸಿಟ್ಟು ಬಂದದ್ದು ಇಂಥ ಮಾತಿಗೇ. ಎಂಟು ವರ್ಷಕ್ಕೆ ಓದಿದ ಚಿತ್ರ ಇಪ್ಪತ್ತೆರಡು ವರ್ಷಕ್ಕೆ ಕಟ್ಟಳೆಯಾಗಿ ತಿರುಗಿ ಬರುತ್ತದೆ. ನನ್ನ ತಂಗಿಯ ಮಗಳಿಗೆ ದೂರದ ಊರಲ್ಲಿ ಕೆಲಸ ಸಿಕ್ಕಿದಾಗ ಮನೆಯ ಹಿರಿಯರೊಬ್ಬರು, ‘ಹಕ್ಕಿಪಕ್ಷಿಗಳನ್ನಾದರೂ ನೋಡಿ ಕಲಿಯಮ್ಮ, ಹೆಣ್ಣು ಗೂಡಲ್ಲಿರುತ್ತೆ, ಗಂಡು ಹೊರಗೆ ದುಡಿಯುತ್ತೆ, ಅದು ಪ್ರಕೃತಿ ನಿಯಮ’ ಎಂದರು. ಯಾವ ಹಕ್ಕಿ ಮಾವ ಎಂದು ಕೇಳುವ ಧೈರ್ಯ ಆ ಹುಡುಗಿಗೆ ಇತ್ತು, ಕೇಳಿದಳು. ಅವರಿಗೆ ಗೊತ್ತಿರಲಿಲ್ಲ. ಅವರು ನೋಡಿದ್ದು ಹಕ್ಕಿಯನ್ನಲ್ಲ, ಚಿತ್ರವನ್ನು.

ಆ ಮಾವನವರನ್ನು ಯಾವುದಾದರೂ ಕೆರೆಯ ಏರಿಗೆ ಕರೆದೊಯ್ಯಬೇಕಿತ್ತು. ತಾವರೆ ಎಲೆಗಳ ಮೇಲೆ ಉದ್ದ ಬೆರಳೂರಿ ನಡೆಯುವ ದೇವನಕ್ಕಿ ಅಲ್ಲಿ ಸಿಗುತ್ತದೆ. ಅದರಲ್ಲಿ ಹೆಣ್ಣೇ ಗಾತ್ರದಲ್ಲಿ ದೊಡ್ಡದು. ಮೊಟ್ಟೆಯಿಟ್ಟು ಗಂಡಿಗೆ ಒಪ್ಪಿಸಿ ಹೋಗುತ್ತದೆ. ಕಾವು ಕೊಡುವುದು, ಮರಿ ಕಾಯುವುದು ಎಲ್ಲ ಅಪ್ಪನ ಪಾಲು. ಹೆಣ್ಣು ಇನ್ನೊಂದು ಗಂಡಿನ ಜೊತೆ ಸೇರಿ ಮತ್ತೆ ಮೊಟ್ಟೆಯಿಡುತ್ತದೆ. ನಮ್ಮ ಅಟ್ಟದ ಮೇಲಿನ ಪಾರಿವಾಳವನ್ನೇ ನೋಡಿ. ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಕಾವಿಗೆ ಕೂರುತ್ತವೆ. ಮರಿ ಬಂದ ಮೇಲೆ ಎರಡರ ಗಂಟಲ ಚೀಲದಲ್ಲೂ ಹಾಲಿನಂಥ ಗಟ್ಟಿ ಆಹಾರ ಊರುತ್ತದೆ. ಅಪ್ಪನೂ ಹಾಲೂಡಿಸುತ್ತದೆ! ಇನ್ನೊಂದು ಕಡೆ ದಾಂಡೇಲಿಯ ಕಾಡಿನ ಮಂಗಟ್ಟೆ ಇದೆ. ಅದರ ಹೆಣ್ಣು ಮರದ ಪೊಟರೆಯೊಳಗೆ ತಾನೇ ಬಾಗಿಲು ಮುಚ್ಚಿಕೊಂಡು ವಾರಗಟ್ಟಲೆ ಕೂರುತ್ತದೆ, ಸಣ್ಣ ಸೀಳಿನಲ್ಲಿ ಗಂಡು ಹಣ್ಣು ತಂದು ಕೊಡುತ್ತದೆ. ಮಾವನವರಿಗೆ ಬೇಕಾದ ಹಕ್ಕಿಯೂ ಕಾಡಿನಲ್ಲಿದೆ, ಬೇಡವಾದದ್ದೂ ಇದೆ. ಪುಸ್ತಕದಲ್ಲಿ ಮಾತ್ರ ಒಂದೇ ಜಾತಿ. ದೇವನಕ್ಕಿಯನ್ನು ಮಹಿಳಾ ವಿಮೋಚನೆಯ ಮೆರವಣಿಗೆಗೆ ಎಳೆದು ತನ್ನಿ ಎಂದು ನಾನು ಹೇಳುತ್ತಿಲ್ಲ. ಅದರ ಪಾಡಿಗೆ ಅದನ್ನು ಬಿಡಿ, ನೋಡಿದ್ದನ್ನು ಬರೆಯಿರಿ ಎನ್ನುತ್ತಿದ್ದೇನೆ.

ದೊಡ್ಡ ದೊಡ್ಡವರೂ ಇದರಲ್ಲಿ ಎಡವಿದ್ದಾರೆ. ಜೇನುಗೂಡಿನ ಒಡೆಯ ರಾಜ ಎಂದು ಅರಿಸ್ಟಾಟಲ್ ಬರೆದ. ಎರಡು ಸಾವಿರ ವರ್ಷ ಬಹುಪಾಲು ಜನ ಅದನ್ನೇ ನಂಬಿದರು. ಹದಿನೇಳನೇ ಶತಮಾನದಲ್ಲಿ ಹಾಲೆಂಡಿನ ಸ್ವಾಮರ್‌ಡಾಮ್ ಎಂಬಾತ ಆ ‘ರಾಜ’ನನ್ನು ಸೂಕ್ಷ್ಮದರ್ಶಕದ ಕೆಳಗೆ ಕೊಯ್ದು ನೋಡಿದರೆ ಒಳಗೆ ಅಂಡಾಶಯ!

ಇಲ್ಲಿ ನಮ್ಮ ಭಾಷೆಯ ಒಂದು ಸೌಕರ್ಯ ಹೇಳಲೇಬೇಕು. ಕನ್ನಡದಲ್ಲಿ ಪ್ರಾಣಿಪಕ್ಷಿಗಳೆಲ್ಲ ನಪುಂಸಕಲಿಂಗ. ಹಸು ಬಂತು, ಹುಲಿ ಹೋಯಿತು, ಹಕ್ಕಿ ಹಾಡಿತು. ಗಂಡೋ ಹೆಣ್ಣೋ ಗೊತ್ತಿಲ್ಲದಾಗ ಸುಳ್ಳು ಹೇಳುವ ಪ್ರಸಂಗವೇ ಇಲ್ಲ. ಅಷ್ಟು ಚೆಂದದ ‘ಅದು’ ನಮ್ಮಲ್ಲಿರುವಾಗ ಇಂಗ್ಲಿಷ್ ಪುಸ್ತಕದಿಂದ ಭಟ್ಟಿ ಇಳಿಸುವ ಭರದಲ್ಲಿ ‘ಅವನು’, ‘ಅವಳು’ ಎಂದು ಬರೆದು, ಜೊತೆಗೆ ಏಪ್ರನ್ನನ್ನೂ ತರುತ್ತಾರೆ. ಕತೆಯಾದರೆ ನನ್ನ ಅಭ್ಯಂತರವಿಲ್ಲ. ಪಂಚತಂತ್ರದ ನರಿ ಮಾತಾಡಲಿ, ಪುಣ್ಯಕೋಟಿ ಅಳಲಿ, ನಾನೂ ಜೊತೆಗೆ ಅಳುತ್ತೇನೆ. ಆದರೆ ವಿಜ್ಞಾನ ಎಂದು ಮುಖಪುಟದಲ್ಲಿ ಅಚ್ಚು ಹಾಕಿಸಿದ ಮೇಲೆ ಕತೆ ಕಟ್ಟುವ ಹಕ್ಕು ಹೋಯಿತು.

ಕನ್ನಡದಲ್ಲಿ ಬರೆಯಲು ಬರುವುದಿಲ್ಲವೆಂದಲ್ಲ. ಶಿವರಾಮ ಕಾರಂತರು 1936ರಲ್ಲೇ ಮಕ್ಕಳಿಗಾಗಿ ‘ಬಾಲಪ್ರಪಂಚ’ ಮಾಡಿಕೊಟ್ಟರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲವಿಜ್ಞಾನ’ ಮಾಸಪತ್ರಿಕೆ ಹೊರತಂದಿತು. ತೇಜಸ್ವಿಯವರು ಕ್ಯಾಮೆರಾ ಹಿಡಿದು ಪೊದೆಯಲ್ಲಿ ಕಾದು ಕುಳಿತು ಹಕ್ಕಿಗಳ ಬಗ್ಗೆ ಬರೆದರು. ಹೆಂಗಸರೂ ಹಿಂದುಳಿದಿಲ್ಲ. ಬಿಹಾರದ ಜಮಾಲ್ ಆರಾ ಎಂಬಾಕೆ ಮಕ್ಕಳಿಗಾಗಿ ಪಕ್ಷಿವೀಕ್ಷಣೆಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕವನ್ನು ನ್ಯಾಷನಲ್ ಬುಕ್ ಟ್ರಸ್ಟ್ 1970ರಲ್ಲಿ ಹೊರತಂದಿತು. ಇವರೆಲ್ಲರ ಗುಟ್ಟು ಒಂದೇ, ಬರೆಯುವ ಮೊದಲು ನೋಡಿದರು, ಓದಿದರು.

ನನ್ನ ಕೈಗೆ ಬಂದ ಪುಸ್ತಕದ ಪ್ರಕಾಶಕರಿಗೆ ಕಾಗದ ಬರೆದೆ. ‘ಮಕ್ಕಳಿಗೆ ಪರಿಚಿತವಾದ ಕುಟುಂಬದ ಚಿತ್ರ ಕೊಟ್ಟಿದ್ದೇವೆ, ತಾಯಂದಿರು ಇಷ್ಟಪಡುತ್ತಾರೆ’ ಎಂದು ಉತ್ತರ ಬಂತು. ನೋಡಿ, ನಮ್ಮ ಹೆಸರಿನಲ್ಲೇ ನಡೆಯುತ್ತಿದೆ ಇದು! ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಪುಸ್ತಕ ಆರಿಸುವಾಗ ನಾವು ಕೊನೆಯ ಪುಟದ ನೀತಿಪಾಠ ನೋಡುತ್ತೇವೆ, ಕಾಗದ ಮುಟ್ಟಿ ನೋಡುತ್ತೇವೆ, ಬೆಲೆ ನೋಡುತ್ತೇವೆ. ಬದನೆಕಾಯಿ ಕೊಳ್ಳುವಾಗ ತಿರುಗಿಸಿ ತಿರುಗಿಸಿ ಹುಳುಕು ಹುಡುಕುವ ಕೈಗಳು ಪುಸ್ತಕದಂಗಡಿಯಲ್ಲಿ ಯಾಕೋ ಮಂಕಾಗುತ್ತವೆ.

ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಪರೀಕ್ಷೆಯೊಂದಿದೆ, ಎರಡು ನಿಮಿಷ ಸಾಕು. ಕೋಗಿಲೆಯ ಪುಟ ತೆರೆಯಿರಿ. ಹಾಡುವ ಹಕ್ಕಿ ಗಂಡೆಂದು ಬರೆದಿದೆಯೇ? ಸೊಳ್ಳೆಯ ಪುಟ ತೆರೆಯಿರಿ. ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆಯಿಡಲು ರಕ್ತ ಬೇಕೆಂದು, ಎಂದು ಹೇಳಿದೆಯೇ? ಜೇನಿನ ಪುಟದಲ್ಲಿ, ಮಕರಂದ ತರುವ, ಗೂಡು ಕಟ್ಟುವ, ಕಾವಲು ಕಾಯುವ ದುಡಿಮೆಯ ನೊಣಗಳೆಲ್ಲ ಹೆಣ್ಣೆಂದು ಇದೆಯೇ? ಇಲ್ಲವಾದರೆ ಪುಸ್ತಕವನ್ನು ಎತ್ತಿದ ಜಾಗದಲ್ಲೇ ಇಟ್ಟು, ಯಾಕೆ ಇಟ್ಟೆವೆಂದು ಅಂಗಡಿಯವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿ ಬನ್ನಿ.