ಮುದಿ ನಾಯಿಯ ಯಕೃತ್ತು

ಆಕಳಿಗೆ ಬೇನೆ ಬಂದರೆ ಊರಿನ ಹತ್ತು ಮಂದಿ ಬಂದು ಹತ್ತು ಔಷಧ ಹೇಳುವರು. ನಾಯಿಗೆ ಬಂದರೆ 'ಮುದಿಯಾಯಿತು, ಬಿಡ್ರಿ' ಎಂದು ಎದ್ದು ಹೋಗುವರು. ನಾನೂ ಹೀಗೆ ಅಂದವನೇ. ನಮ್ಮ ಮೋತಿಯು ಆರು ಕಿಲೋ ತೂಕದ ಬಿಳಿಯ ಪೊಮೆರೇನಿಯನ್ ಜಾತಿಯದು. ತೀರಿಹೋದ ನನ್ನ ಗೃಹಿಣಿಯು ಅದನ್ನು ಮಡಿಲಲ್ಲಿಟ್ಟು ಸಾಕಿದ್ದಳು. ಮೇಡ್ಲೇರಿಯ ಮನೆಯಲ್ಲಿ ಬೆಳಗಿನಲ್ಲಿ ನನ್ನನ್ನು ಎಬ್ಬಿಸುವ ಜೀವ ಈಗ ಅದೊಂದೇ.

ಅದಕ್ಕೆ ಹದಿಮೂರು ವರ್ಷ ತುಂಬಿದ ಚಳಿಗಾಲದಲ್ಲಿ ಹಸಿವು ಕುಗ್ಗಿತು, ನೀರಡಿಕೆ ಹೆಚ್ಚಿತು. ನಸುಕಿನಲ್ಲಿ ಹಳದಿ ನೀರನ್ನು ವಾಂತಿಮಾಡತೊಡಗಿತು. ರಾಣೇಬೆನ್ನೂರಿಗೆ ಒಯ್ದು ರಕ್ತಪರೀಕ್ಷೆ ಮಾಡಿಸಿದೆನು. ಯಕೃತ್ತಿಗೆ ಸಂಬಂಧಿಸಿದ ಎರಡು ಅಂಕಿಗಳು ಮೇರೆ ಮೀರಿದ್ದವು. ಸೋನೋಗ್ರಫಿ ಮಾಡಿಸಿ ಕೆಲವು ವಾರಗಳ ತರುವಾಯ ರಕ್ತವನ್ನು ಪುನಃ ನೋಡೋಣವೆಂದು ಪಶುವೈದ್ಯರು ಹೇಳಿದರು. ನಾನೋ, ಉಪವಾಸಕ್ಕಿಂತ ದೊಡ್ಡ ಔಷಧವಿಲ್ಲವೆಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು. ಬೇನೆಬಿದ್ದ ಅವಯವಕ್ಕೆ ಭಾರವಾಗಬಾರದೆಂದು ಮೊಸರು, ಮೊಟ್ಟೆ ಎಲ್ಲವನ್ನೂ ನಿಲ್ಲಿಸಿ ಬರೀ ಅಕ್ಕಿಯ ಗಂಜಿಯನ್ನು ಹಾಕುತ್ತ ಬಂದೆನು.

ಮೂರು ವಾರ ಕಳೆದವು. ಸಂಕ್ರಾಂತಿಗೆ ಹುಬ್ಬಳ್ಳಿಯಿಂದ ಬಂದ ಸೊಸೆಯು ಮೋತಿಯನ್ನೆತ್ತಿಕೊಂಡವಳೇ, "ಮಾವಾರ, ಇದರ ಬೆನ್ನೆಲುಬು ಕೈಗೆ ಹತ್ತಾಕತ್ತೈತಿ ನೋಡ್ರಿ" ಎಂದಳು. ತೂಗಿ ನೋಡಿದರೆ ಐದು ಕಿಲೋ. ಆರರಲ್ಲಿ ಒಂದು ಹೋಗುವುದೆಂದರೆ ಅರವತ್ತು ಕಿಲೋದ ಮನುಷ್ಯನು ಹತ್ತು ಕಿಲೋ ಇಳಿದಂತೆ. ಇದು ಬೇನೆಯು ಮಾಡಿದ್ದಕ್ಕಿಂತ ನಾನು ಮಾಡಿದ್ದೇ ಹೆಚ್ಚು.

ಯಕೃತ್ತು ತನ್ನನ್ನು ತಾನೇ ಬಹುಮಟ್ಟಿಗೆ ಪುನಃ ಕಟ್ಟಿಕೊಳ್ಳಬಲ್ಲ ಅವಯವ. ಆದರೆ ಕಟ್ಟುವುದಕ್ಕೆ ಸಾಮಾನು ಬೇಕಷ್ಟೆ. ಆ ಸಾಮಾನೇ ಪ್ರೋಟೀನು. ಅದನ್ನು ಕಡಿದರೆ ದೇಹವು ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುವುದು. ಪ್ರೋಟೀನನ್ನು ಮಿತಗೊಳಿಸುವ ಪ್ರಸಂಗವೊಂದುಂಟು: ಕರುಳಿನಲ್ಲಿ ಹುಟ್ಟಿದ ಅಮೋನಿಯವನ್ನು ಯಕೃತ್ತು ಶೋಧಿಸಲಾರದೆ ಅದು ಮಿದುಳಿಗೇರಿದಾಗ. ಆಗ ನಾಯಿಯು, ಬಹುಶಃ ಉಂಡ ಬಳಿಕ, ಮಂಕಾಗಿ ನಿಲ್ಲುವುದು, ಸುತ್ತು ತಿರುಗುವುದು, ಗೋಡೆಗೆ ತಲೆಯೊತ್ತುವುದು, ಜೊಲ್ಲು ಸುರಿಸುವುದು. ಆಗಲೂ ಪ್ರೋಟೀನನ್ನು ಪೂರ್ಣ ಬಿಡಿಸಲಾಗದು. ಮಾಂಸದ ಬದಲು ಮೊಸರು, ಪನೀರು, ಬೇಳೆಗಳು ಹೆಚ್ಚು ಒಗ್ಗುವವು. ಜೊತೆಗೆ ವೈದ್ಯರು ಲ್ಯಾಕ್ಟುಲೋಸ್ ಎಂಬ ಸಿಹಿ ಪಾನಕವನ್ನು ಕೊಡುವರು. ಅದು ಅಮೋನಿಯವನ್ನು ಕರುಳಿನಲ್ಲಿಯೇ ಹಿಡಿದು ಮಲದೊಡನೆ ಹೊರಹಾಕುವುದು.

ಅಂಕಿಗಳ ವಿಷಯವಾಗಿಯೂ ಒಂದು ಮಾತು. ಎ.ಎಲ್.ಟಿ. ಎಂಬುದು ಯಕೃತ್ತಿನ ಕಣಗಳೊಳಗಿನ ಪದಾರ್ಥ. ಕಣಕ್ಕೆ ಪೆಟ್ಟಾದರೆ ರಕ್ತಕ್ಕೆ ಸೋರುವುದು. ಅದು ಪೆಟ್ಟನ್ನು ಹೇಳುವುದಲ್ಲದೆ ಉಳಿದ ಶಕ್ತಿಯೆಷ್ಟೆಂಬುದನ್ನು ಹೇಳದು. ಎ.ಎಲ್.ಪಿ. ಎಂಬುದು ಪಿತ್ತದ ದಾರಿ ಕಟ್ಟಿದಾಗ ಏರುವಂತೆ ಸ್ಟೆರಾಯ್ಡ್ ಔಷಧದಿಂದಲೂ, ಮುದಿಯಾದ ಚಿಕ್ಕ ನಾಯಿಗಳಿಗೆ ಬರುವ ಕುಶಿಂಗ್ ಬೇನೆಯಿಂದಲೂ ಏರುವುದು. ಉಳಿದ ಶಕ್ತಿಯನ್ನು ಅರಿಯಲು ಆಲ್ಬುಮಿನ್, ಉಣ್ಣುವ ಮೊದಲಿನ ಮತ್ತು ನಂತರದ ಪಿತ್ತಾಮ್ಲ ಮುಂತಾದುವನ್ನು ನೋಡತಕ್ಕದ್ದು. ಸೋನೋಗ್ರಫಿಯನ್ನು ನಾನು ಖರ್ಚೆಂದು ಮುಂದೂಡಿದ್ದು ಎರಡನೆಯ ತಪ್ಪು. ಕೆಲವು ಮುದಿ ನಾಯಿಗಳ ಪಿತ್ತಕೋಶದಲ್ಲಿ ಪಿತ್ತವು ಲೋಳೆಯಂತೆ ಗಟ್ಟಿಯಾಗಿ ಕೋಶವೇ ಒಡೆಯುವುದುಂಟು. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕು. ಮೋತಿಯದು ಅಷ್ಟಕ್ಕೆ ಹೋಗಿರಲಿಲ್ಲ. ಪಿತ್ತವು ಮಂದವಾಗಿತ್ತು, ದಾರಿ ತೆರೆದಿತ್ತು. ಅದನ್ನು ತಿಳಿಯಾಗಿಸಲು ಅರ್ಸೊಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆ ಕೊಟ್ಟರು. ದಾರಿ ಕಟ್ಟಿದ್ದರೆ ಇದೇ ಮಾತ್ರೆ ಕೂಡದಂತೆ. ನೋಡದೆ ಕೊಡುವ ಔಷಧವಲ್ಲ.

ಈಗ ಅದರ ಊಟ ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪವಾಗಿ: ಮೆತ್ತಗಿನ ಅನ್ನ, ಹೆಸರುಬೇಳೆ, ಮೊಸರು, ಬೇಯಿಸಿದ ಮೊಟ್ಟೆ. ಮೊಟ್ಟೆಯು ನಮ್ಮ ಒಲೆಗೆ ಬರುವ ಪದಾರ್ಥವಲ್ಲ; ನೆರೆಮನೆಯ ತಾಯಿ ಬೇಯಿಸಿ ಗೋಡೆಯ ಮೇಲಿಂದ ಕೊಡುತ್ತಾಳೆ. ಬ್ಯಾಡಗಿ ಮೆಣಸಿನಕಾಯಿ, ಉಳ್ಳಾಗಡ್ಡಿಗಳ ಸಾರಿನಲ್ಲಿ ನೆನೆಸಿದ ರೊಟ್ಟಿ ನಿಂತಿತು. ಉಳ್ಳಾಗಡ್ಡಿಯು ನಾಯಿಯ ರಕ್ತವನ್ನೇ ಕೆಡಿಸುವುದು. ನಾಯಿಯ ನೀರನ್ನು ತಾಮ್ರದ ಪಾತ್ರೆಯಿಂದ ಉಕ್ಕಿನದಕ್ಕೆ ಬದಲಿಸಿದೆನು. ಕೆಲವು ನಾಯಿಗಳ ಯಕೃತ್ತಿನಲ್ಲಿ ತಾಮ್ರವು ಶೇಖರವಾಗಿ ಉರಿಯೂತವನ್ನೆಬ್ಬಿಸುತ್ತದೆ.

ನಮ್ಮ ಸೀಮೆಯು ಗೋವಿನ ಜೋಳ, ಶೇಂಗಾಗಳ ಸೀಮೆ. ಮಳೆಗೆ ತೊಯ್ದು ಬೂಸಲು ಹಿಡಿದ ಕಾಳನ್ನು 'ನಾಯಿಗೆ ಸಾಕು' ಎಂದು ಬೀಸಿಹಾಕುವವರನ್ನು ಕಂಡಿದ್ದೇನೆ. ಆ ಬೂಸಲಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುವುದು. ಅದರ ಮೊದಲ ಪೆಟ್ಟು ಯಕೃತ್ತಿಗೇ. ಕುದಿಸಿದರೂ ಅದು ಹೋಗದು. 2020ರ ಕೊನೆಗೆ ಅಮೆರಿಕಾದಲ್ಲಿ ಈ ವಿಷ ಸೇರಿದ ಸಿದ್ಧ ಆಹಾರವನ್ನು ತಿಂದು ನೂರಕ್ಕೂ ಮಿಕ್ಕಿ ನಾಯಿಗಳು ಸತ್ತುವೆಂದು ವರದಿಯಾಯಿತು.

ಮನುಷ್ಯರು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲನ್ನು ಮನೆಯಲ್ಲಿ ಕೊಡಲೇಕೂಡದು. ಚಿಕ್ಕ ನಾಯಿಗೆ ಒಂದು ಮಾತ್ರೆಯೇ ಅಪಾಯ. ಕಣ್ಣು, ವಸಡು ಹಳದಿಯಾದರೆ ಕಾಮಣಿಯೆಂದು ಬರೆ ಹಾಕಿಸುವ ಹುಚ್ಚು ನಾಯಿಯವರೆಗೂ ಬಂದಿದೆ. ಸುಟ್ಟ ಗಾಯವೊಂದು ಹೆಚ್ಚಾಗುವುದೇ ಅದರ ಫಲ. ಆ ಹಳದಿಗೆ ಉಣ್ಣಿಯಿಂದ ಬರುವ ರಕ್ತಜ್ವರವೂ ಕಾರಣವಿರಬಹುದು, ಇಲಿಯ ಮೂತ್ರದಿಂದ ಬರುವ ಲೆಪ್ಟೋಸ್ಪೈರೋಸಿಸ್ ಕೂಡ ಇರಬಹುದು. ಎರಡನೆಯದು ಮನುಷ್ಯರಿಗೂ ಅಂಟತಕ್ಕದ್ದು. ಆದುದರಿಂದ ಅಂಥ ನಾಯಿಯ ಮೂತ್ರವನ್ನು ಬರಿಗೈಯಿಂದ ಬಳಿಯಕೂಡದು. ಹಳದಿ ಕಂಡ ದಿನವೇ, ಹೊಟ್ಟೆಯಲ್ಲಿ ನೀರು ತುಂಬಿ ಉಬ್ಬಿದ ದಿನವೇ, ಮಲವು ಟಾರಿನಂತೆ ಕಪ್ಪಾದ ದಿನವೇ ವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಮೋತಿಯು ಪುನಃ ಮರಿಯಾಗುವುದೆಂದು ನಾನು ಹೇಳುವುದಿಲ್ಲ, ವೈದ್ಯರೂ ಹೇಳಲಿಲ್ಲ. ಪ್ರತಿ ಆದಿತ್ಯವಾರ ಅದನ್ನೆತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲುತ್ತೇನೆ, ಬಳಿಕ ನಾನೊಬ್ಬನೇ ನಿಲ್ಲುತ್ತೇನೆ, ಕಳೆದು ಬಂದುದನ್ನು ಪಂಚಾಂಗದ ಅಂಚಿನಲ್ಲಿ ಬರೆಯುತ್ತೇನೆ. ಕಳೆದ ವಾರದ ಅಂಕಿ ಐದು ಕಿಲೋ ಏಳುನೂರು ಗ್ರಾಂ.