ಟೇಕಾಫ್ ಬೇಡ ಎನ್ನುವ ಅಧಿಕಾರ

2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಕರೀಂನಗರಕ್ಕೆ ಹೊರಟ ಸೆಸ್ನಾ-180 ವಿಮಾನ ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಪಕ್ಕದ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಕ್ಕೆ ಬಿದ್ದು ಉರಿದುಹೋಯಿತು. ಚುನಾವಣಾ ಪ್ರಚಾರಕ್ಕೆ ಹೊರಟಿದ್ದ ನಟಿ ಸೌಂದರ್ಯ, ಅವರ ಸಹೋದರ ಅಮರನಾಥ್ ಸೇರಿದಂತೆ ಒಳಗಿದ್ದ ನಾಲ್ವರೂ ತೀರಿಕೊಂಡರು. ‘ದ್ವೀಪ’ ಚಿತ್ರದ ನಿರ್ಮಾಪಕಿಯಾಗಿ ರಾಷ್ಟ್ರಪ್ರಶಸ್ತಿ ಪಡೆದಿದ್ದ ಆಕೆಗಾಗಿ ಗಾಜುವಾಕ, ವಿಜಯವಾಡಗಳ ತೆಲುಗು ಪ್ರೇಕ್ಷಕರೂ ಕನ್ನಡಿಗರಷ್ಟೇ ಅತ್ತರು. ಅಂದು ಎಲ್ಲರ ಬಾಯಲ್ಲೂ ವಿಧಿಯ ಮಾತು. ಆ ಒಂದು ಅಪಘಾತದ ತಪ್ಪನ್ನು ಯಾರ ತಲೆಗೂ ಕಟ್ಟುವುದು ನನ್ನ ಉದ್ದೇಶವಲ್ಲ. ಆದರೆ ಸಣ್ಣ ವಿಮಾನ ಟೇಕಾಫ್ ವೇಳೆ ಹತೋಟಿ ತಪ್ಪುವುದನ್ನು ವಿಧಿಗೆ ಬಿಡಬೇಕಿಲ್ಲ. ಅದನ್ನು ತಡೆಯುವ ಕೆಲಸ ಬಹುಪಾಲು ನೆಲದ ಮೇಲೆಯೇ ಮುಗಿಯುವಂಥದ್ದು.

ಟೇಕಾಫ್ ಹೊತ್ತಿಗೆ ಎಂಜಿನ್ ಪೂರ್ತಿ ಶಕ್ತಿಯಲ್ಲಿ ದುಡಿಯುತ್ತಿರುತ್ತದೆ, ವೇಗ ಮಾತ್ರ ಕಡಿಮೆ. ಒಂದೇ ಎಂಜಿನ್ನಿನ ಬಹುತೇಕ ವಿಮಾನಗಳಲ್ಲಿ ತಿರುಗುವ ಪ್ರೊಪೆಲರ್ ಮೂತಿಯನ್ನು ಎಡಕ್ಕೆ ಎಳೆಯುತ್ತದೆ. ಪೈಲಟ್ ಬಲಗಾಲಿನಿಂದ ರಡ್ಡರ್ ಪೆಡಲ್ ಒತ್ತಿ ಅದನ್ನು ಸರಿದೂಗಿಸಬೇಕು. ಸೆಸ್ನಾ-180ರಂತೆ ಬಾಲದಡಿ ಚಕ್ರವಿರುವ ವಿಮಾನಕ್ಕೆ ಇನ್ನೂ ಚುರುಕಾದ ಕಾಲು ಬೇಕು. ನೆಲಕ್ಕೆ ಹತ್ತಿರವಿದ್ದಾಗ ರೆಕ್ಕೆಗೆ ಗಾಳಿಯ ಆಸರೆ ಹೆಚ್ಚು. ಹಾಗಾಗಿ ಸಾಕಷ್ಟು ವೇಗ ಬರುವ ಮೊದಲೇ ಮೂತಿ ಎತ್ತಿದರೂ ವಿಮಾನ ಮೇಲೇಳುತ್ತದೆ, ತುಸು ಏರುತ್ತಲೇ ಆ ಆಸರೆ ತಪ್ಪುತ್ತದೆ. ಆಗ ಪೈಲಟ್ ಇನ್ನಷ್ಟು ಮೂತಿ ಎತ್ತಿದರೆ ರೆಕ್ಕೆ ಎತ್ತುವ ಬಲವನ್ನೇ ಕಳೆದುಕೊಳ್ಳುತ್ತದೆ. ಸ್ಟಾಲ್ ಎನ್ನುವುದು ಇದನ್ನೇ. ಮೂತಿ ತಗ್ಗಿಸಿದರೆ ವೇಗ ಮರಳುತ್ತದೆ ನಿಜ, ಆದರೆ ಅದಕ್ಕೆ ಎತ್ತರ ತೆರಬೇಕು. ನೂರು ಅಡಿಯಲ್ಲಿ ತೆರಲು ಎತ್ತರವೆಲ್ಲಿದೆ?

ಅನುಭವಿ ಪೈಲಟ್ ಇದನ್ನೆಲ್ಲ ನಿಭಾಯಿಸುತ್ತಾನೆ ಎಂಬ ವಾದವಿದೆ. ಕೌಶಲ ಬೇಕೇಬೇಕು, ಆದರೆ ತೆಳುವಾದ ಗಾಳಿಯನ್ನು ಅದು ದಪ್ಪ ಮಾಡಲಾರದು. ಜಕ್ಕೂರು ಕಡಲಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. 34 ಡಿಗ್ರಿ ಬಿಸಿಲಿಗೆ ಅಲ್ಲಿ ವಿಮಾನ ಸುಮಾರು 6,000 ಅಡಿ ಎತ್ತರದಲ್ಲಿದ್ದಂತೆ ಏದುಸಿರು ಬಿಡುತ್ತದೆ. ಗಾಜುವಾಕದ ಪಕ್ಕದ ವಿಶಾಖಪಟ್ಟಣ ನಿಲ್ದಾಣ ಕಡಲಮಟ್ಟದಲ್ಲೇ ಇದೆ, ರನ್‌ವೇ ಮೂರು ಕಿಲೋಮೀಟರ್ ಉದ್ದ. ಅಲ್ಲಿ ಸಲೀಸಾಗಿ ಏರುವ ತೂಕ ಜಕ್ಕೂರಿನ ನಡುಹಗಲಿಗೆ ಅಪಾಯವಾಗಬಹುದು. ತೂಕ, ಬಿಸಿಲು, ಗಾಳಿ, ರನ್‌ವೇ ಉದ್ದ ಇಷ್ಟನ್ನೂ ಹೊಂದಿಸಿ ನೋಡುವ ಕೋಷ್ಟಕಗಳು ವಿಮಾನದ ಕೈಪಿಡಿಯಲ್ಲೇ ಇರುತ್ತವೆ. ದೊಡ್ಡ ಜೆಟ್‌ಗಳ ಸಿಬ್ಬಂದಿ ಪ್ರತಿ ಸಲವೂ ಈ ಲೆಕ್ಕ ಹಾಕುತ್ತಾರೆ, ಯಾವ ವೇಗದವರೆಗೆ ನಿಲ್ಲಿಸಬಹುದು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ಸಣ್ಣ ವಿಮಾನಕ್ಕೂ ಸುಲಭ ಸೂತ್ರವೊಂದಿದೆ: ರನ್‌ವೇಯ ಅರ್ಧ ಬರುವಷ್ಟರಲ್ಲಿ ನೆಲ ಬಿಡಲು ಬೇಕಾದ ವೇಗದ ಶೇ 70ರಷ್ಟಾದರೂ ಬಂದಿರದಿದ್ದರೆ ಎಂಜಿನ್ ತಗ್ಗಿಸಿ ನಿಲ್ಲಿಸುವುದು. ಈ ಲೆಕ್ಕ, ಈ ಗುರುತು ಬರೆದು ಸಹಿ ಹಾಕಿದ ಮೇಲಷ್ಟೇ ಬಾಡಿಗೆ ಮತ್ತು ತರಬೇತಿ ವಿಮಾನಗಳು ಹೊರಡಬೇಕೆಂದು ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಕಡ್ಡಾಯ ಮಾಡಿ, ಆ ಹಾಳೆಗಳನ್ನು ತಪಾಸಣೆ ಮಾಡಲಿ.

ಇನ್ನಷ್ಟು ಕಾಗದಪತ್ರದ ಹೊರೆ ಹೇರಿದರೆ ಮೊದಲೇ ಸೊರಗಿರುವ ಫ್ಲೈಯಿಂಗ್ ಕ್ಲಬ್‌ಗಳು ಮುಚ್ಚಿಹೋಗುತ್ತವೆ ಎನ್ನುವವರ ಆತಂಕ ಸುಳ್ಳಲ್ಲ. ಆದರೆ ಈ ಲೆಕ್ಕಕ್ಕೆ ಬೇಕಾದದ್ದು ಕೆಲವು ನಿಮಿಷ. ನಿಜವಾಗಿ ಕಷ್ಟವಾಗುವುದು ಲೆಕ್ಕ ‘ಬೇಡ’ ಎಂದಾಗ: ಒಬ್ಬರನ್ನು ಇಳಿಸಬೇಕು, ಇಲ್ಲವೇ ಹೊತ್ತು ತಂಪಾಗುವವರೆಗೆ ಕಾಯಬೇಕು. ಸಭೆಯಲ್ಲಿ ಸಾವಿರಾರು ಜನ ಕಾದಿರುವಾಗ, ವಿಮಾನ ಬಾಡಿಗೆಗೆ ಪಡೆದವರು ಗಡಿಯಾರ ನೋಡುತ್ತಿರುವಾಗ, ಸಂಬಳಕ್ಕೆ ದುಡಿಯುವ ಪೈಲಟ್ ಆ ಮಾತು ಹೇಳುವುದು ಸುಲಭವಲ್ಲ. ಸಹಿ ಮಾಡಿದ ಹಾಳೆ ಅವನ ಬೆನ್ನಿಗೆ ನಿಲ್ಲುತ್ತದೆ. ಹಾರಾಟ ನಿರಾಕರಿಸಿದ್ದಕ್ಕೆ ಅವನ ಕೆಲಸಕ್ಕೆ ಕುತ್ತು ಬಾರದಂತೆ ಬಾಡಿಗೆ ಒಪ್ಪಂದದಲ್ಲೇ ಬರೆದಿರಬೇಕು.

ಇದೇ ಎಚ್ಚರ ನೀರಿನಿಂದ ಮೇಲೇಳುವ ವಿಮಾನಗಳಿಗೂ ಬೇಕು. 2024ರ ನವೆಂಬರ್ 9ರಂದು ವಿಜಯವಾಡದ ಕೃಷ್ಣಾ ನದಿಯಿಂದ ಶ್ರೀಶೈಲಕ್ಕೆ ಸೀಪ್ಲೇನ್ ಪ್ರಾಯೋಗಿಕವಾಗಿ ಹಾರಿತು. ಆಂಧ್ರಪ್ರದೇಶದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರೇ ಅದರಲ್ಲಿದ್ದರು. ನೀರಿನ ಮೇಲೆ ರನ್‌ವೇಯ ಅರ್ಧ ಯಾವುದು ಎಂಬ ಗೆರೆ ಕಾಣುವುದಿಲ್ಲ. ಅಂಥ ಸೇವೆಗೆ ಟಿಕೆಟ್ ಮಾರುವ ಮೊದಲು ಟೇಕಾಫ್ ಕೈಬಿಡಬೇಕಾದ ಜಾಗಕ್ಕೆ ನದಿಯಲ್ಲೇ ಒಂದು ತೇಲುಗುರುತು ಕಟ್ಟಲಿ.