ಟೈರ್ ಸಿಡಿಯುವುದು ವಿಧಿಯಲ್ಲ

ಪೋರ್ಚುಗಲ್‌ನ ಫುಟ್‌ಬಾಲ್ ಆಟಗಾರ ಡಿಯೊಗೊ ಜೋಟಾ ಸಾವನ್ನು ವಿಧಿಯ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳಬಾರದು. 2025ರ ಜುಲೈ 3, ನಡುರಾತ್ರಿ ಕಳೆದು ಅರ್ಧ ಗಂಟೆ. ಸ್ಪೇನಿನ ಸಮೋರಾ ಪ್ರಾಂತ್ಯದ ಎ-52 ಹೆದ್ದಾರಿ. ಮುಂದಿನ ವಾಹನವನ್ನು ಹಿಂದಿಕ್ಕುವಾಗ ಕಾರಿನ ಟೈರ್ ಸಿಡಿಯಿತು. ಕಾರು ರಸ್ತೆ ಬಿಟ್ಟು ಹೋಗಿ ಹೊತ್ತಿ ಉರಿಯಿತು. 28ರ ಜೋಟಾ, 25ರ ತಮ್ಮ ಆಂದ್ರೆ ಸಿಲ್ವಾ, ಇಬ್ಬರೂ ಉಳಿಯಲಿಲ್ಲ. ಜೋಟಾಗೆ ಮದುವೆಯಾಗಿ ಹನ್ನೊಂದು ದಿನವಾಗಿತ್ತು. ಮೂವರು ಪುಟ್ಟ ಮಕ್ಕಳಿದ್ದರು. ಶ್ವಾಸಕೋಶದ ಶಸ್ತ್ರಚಿಕಿತ್ಸೆ ಆಗಿದ್ದರಿಂದ ವಿಮಾನ ಬೇಡವೆಂದು ವೈದ್ಯರು ಹೇಳಿದ್ದರು ಎಂದು ವರದಿಯಾಯಿತು. ಸಾಂತಂದೇರ್ ಬಂದರಿನಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಲು ಹೊರಟಿದ್ದರು. ಜೀವಕ್ಕೆ ಕ್ಷೇಮವೆಂದೇ ಆರಿಸಿಕೊಂಡ ದಾರಿ ಅದು. ಅತಿವೇಗವೂ ಇದ್ದಿರಬಹುದೆಂದು ಸ್ಪೇನಿನ ಪೊಲೀಸರು ಹೇಳಿದರು. ಅದೇ ದಾರಿಯಲ್ಲಿದ್ದ ಲಾರಿ ಚಾಲಕನೊಬ್ಬ ಇಲ್ಲವೆಂದ. ವೇಗದ ವಿಷಯದಲ್ಲಿ ಎರಡು ಮಾತಿದೆ. ಟೈರಿನ ವಿಷಯದಲ್ಲಿ ಒಂದೇ.

ಕಂಡು ಕೇಳದ ಪೋರ್ಚುಗೀಸ್ ಆಟಗಾರನಿಗಾಗಿ ಡೊಂಬಿವಲಿಯ ಹುಡುಗ ಯಾಕೆ ಅಳಬೇಕು ಎಂದು ಕೇಳುವ ಹಿರಿಯರಿದ್ದಾರೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಶಂಕರ್ ನಾಗ್ ಕಾರು ಅಪಘಾತದಲ್ಲಿ ತೀರಿಕೊಂಡಾಗ ಅತ್ತವರು ಇವರೇ. ಅವರಲ್ಲಿ ಎಷ್ಟು ಜನ ಶಂಕರ್ ಜೊತೆ ಮಾತಾಡಿದ್ದರು? ವಾರವಾರ ನಿದ್ದೆಗೆಟ್ಟು ನೋಡಿದ ಆಟಗಾರ ಮನೆಯವನೇ ಆಗಿಬಿಡುತ್ತಾನೆ. ಲಿವರ್‌ಪೂಲ್‌ಗೆ ಜೋಟಾ ಆಡಿದ್ದು 182 ಪಂದ್ಯ, ಹೊಡೆದದ್ದು 65 ಗೋಲು. ಕೊನೆಯ ಋತುವಿನಲ್ಲಿ ಇಂಗ್ಲೆಂಡಿನ ಲೀಗ್ ಪ್ರಶಸ್ತಿ. ಜೂನ್ 8ರಂದು ಪೋರ್ಚುಗಲ್‌ಗೆ ನೇಷನ್ಸ್ ಲೀಗ್. ಅದಾಗಿ ತಿಂಗಳು ತುಂಬುವ ಮೊದಲೇ ಈ ಸುದ್ದಿ. ನೆರೂಲ್‌ನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2017ರ ಕಿರಿಯರ ವಿಶ್ವಕಪ್ ನೋಡಿ ಬೆಳೆದ ಪೀಳಿಗೆ ಇದು. ಫುಟ್‌ಬಾಲ್ ಇವರಿಗೆ ಪರದೇಶದ ಆಟವಲ್ಲ. ಇವರ ದುಃಖ ನಿಜ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಸಾವಿಗೆ ಸಲ್ಲಬೇಕಾದ ಗೌರವವನ್ನು ಫುಟ್‌ಬಾಲ್ ಜಗತ್ತು ಸಲ್ಲಿಸಿತು. ಲಿವರ್‌ಪೂಲ್ ತನ್ನ ಎಲ್ಲ ತಂಡಗಳಲ್ಲೂ 20ನೇ ಸಂಖ್ಯೆಯ ಅಂಗಿಯನ್ನು ಶಾಶ್ವತವಾಗಿ ಜೋಟಾಗೇ ಬಿಟ್ಟಿತು. ಆಗಸ್ಟ್ 15ರಂದು ಹೊಸ ಋತುವಿನ ಮೊದಲ ಪಂದ್ಯದ 20ನೇ ನಿಮಿಷದಲ್ಲಿ ಆನ್‌ಫೀಲ್ಡ್ ಎದ್ದು ನಿಂತು ಹಾಡಿತು. ಪೋರ್ಚುಗಲ್ ತಂಡದ ಜೊತೆಗಾರ ರುಬೆನ್ ನೆವೆಸ್ ಅಂತ್ಯಕ್ರಿಯೆಯ ಹಿಂದಿನ ದಿನ ಅಮೆರಿಕದಲ್ಲಿ ಪಂದ್ಯ ಆಡಿ, ರಾತ್ರೋರಾತ್ರಿ ಹಾರಿ ಬಂದು ಗೊಂಡೊಮಾರ್‌ನಲ್ಲಿ ಗೆಳೆಯನ ಶವಪೆಟ್ಟಿಗೆಗೆ ಹೆಗಲು ಕೊಟ್ಟರು. ಅಲ್ಲೇ ಲಿವರ್‌ಪೂಲ್‌ನ ವಾನ್ ಡೈಕ್ ಕೈಯಲ್ಲಿ 20ರ ಹೂಚಕ್ರ, ರಾಬರ್ಟ್‌ಸನ್ ಕೈಯಲ್ಲಿ 30ರ ಹೂಚಕ್ರ. ಆ 30 ಆಂದ್ರೆಯ ಸಂಖ್ಯೆ. ಎರಡನೇ ದರ್ಜೆಯ ಪೆನಾಫಿಯೆಲ್ ತಂಡದಲ್ಲಿ ಆಡುತ್ತಿದ್ದ ತಮ್ಮನನ್ನು ಅಣ್ಣನ ಹೆಸರಿನ ನೆರಳಲ್ಲಿ ಮರೆಯದೆ ಇದ್ದದ್ದು ದೊಡ್ಡ ಮಾತು.

ಇಷ್ಟಾದ ಮೇಲೂ ಉಳಿಯುವ ಮಾತು ಟೈರಿನದು. ಅದನ್ನು ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಯ ಓದುಗರಿಗೇ ಹೇಳಬೇಕು. ವೇಗದ ರಸ್ತೆಗಳು ನಮ್ಮ ಬಾಗಿಲಿನಿಂದಲೇ ಹೊರಡುತ್ತವೆ. ಪುಣೆಯ ಎಕ್ಸ್‌ಪ್ರೆಸ್‌ವೇ ಕಳಂಬೋಲಿಯಿಂದ. ಊರಿನ ದಾರಿ, ಅಂದರೆ ರಾಷ್ಟ್ರೀಯ ಹೆದ್ದಾರಿ 66, ಪನವೇಲ್‌ನಿಂದ. ನಾಗಪುರದಿಂದ ಹೊರಟ 701 ಕಿ.ಮೀ. ಸಮೃದ್ಧಿ ಮಾರ್ಗದ ಕೊನೆಯ ಭಾಗ ಭಿವಂಡಿ ಬಳಿಯ ಆಮಣೆಯವರೆಗೆ ತೆರೆದದ್ದು 2025ರ ಜೂನ್ 5ರಂದು. ಅದರಲ್ಲಿ ಕಾರುಗಳಿಗೆ ಗಂಟೆಗೆ 120 ಕಿ.ಮೀ. ವೇಗದ ಅನುಮತಿ. ಮೈಲುಗಟ್ಟಲೆ ನೇರವಾದ ಕಾಂಕ್ರೀಟ್ ರಸ್ತೆ. ಟೈರಿಗೆ ತಣ್ಣಗಾಗಲು ಪುರುಸೊತ್ತಿಲ್ಲ.

ಟೈರ್ ಏಕೆ ಸಿಡಿಯುತ್ತದೆ ಎಂಬುದರಲ್ಲಿ ಗುಟ್ಟೇನೂ ಇಲ್ಲ. ಗಾಳಿ ಕಡಿಮೆಯಾದರೆ ಟೈರಿನ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ. ಬಾಗಿದಷ್ಟೂ ಬಿಸಿ. ವೇಗ ಮತ್ತು ಭಾರ ಸೇರಿದರೆ ಆ ಬಿಸಿಗೆ ಒಳಗಿನ ಪದರಗಳು ಬಿಟ್ಟುಕೊಳ್ಳುತ್ತವೆ. ಬೇಸಿಗೆಯಲ್ಲಿ ಗಾಳಿ ಹಿಗ್ಗುತ್ತದೆಂದು ದೂರದ ಪ್ರಯಾಣಕ್ಕೆ ಮುಂಚೆ ಗಾಳಿ ಇಳಿಸುವವರು ತಮಗೆ ಗೊತ್ತಿಲ್ಲದೆ ಅಪಾಯವನ್ನು ಹೆಚ್ಚಿಸಿಕೊಳ್ಳುತ್ತಿದ್ದಾರೆ. ಇನ್ನೊಂದು ಕಾರಣ ನಮ್ಮ ಉಪನಗರಗಳಿಗೆ ಚೆನ್ನಾಗಿ ಒಪ್ಪುತ್ತದೆ. ಡೊಂಬಿವಲಿಯವರು ದಿನವೂ ಲೋಕಲ್ ರೈಲಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಕಾರು ಸೊಸೈಟಿಯ ಅಂಗಳದಲ್ಲಿ ಹೊದಿಕೆಯ ಕೆಳಗೆ ನಿಂತಿರುತ್ತದೆ. ಚೌತಿ ಬಂತು, ಮೇ ರಜೆ ಬಂತು, ಊರಿನಲ್ಲಿ ಕೋಲ ಬಂತು: ಅದೇ ಕಾರಿಗೆ ಐದು ಜನ, ಮೇಲೆ ಸಾಮಾನು, ಒಂದೇ ಉಸಿರಿಗೆ ಉಡುಪಿ. ಎಂಟುನೂರು ಕಿಲೋಮೀಟರಿಗೂ ಮೇಲಿನ ದಾರಿ. ಟೈರಿನ ಗೆರೆಗಳು ಹೊಸತರಂತೆಯೇ ಕಾಣುತ್ತವೆ. ರಬ್ಬರಿಗೆ ಮಾತ್ರ ವಯಸ್ಸಾಗಿರುತ್ತದೆ. ಟೈರ್ ತಯಾರಾದ ವಾರ ಮತ್ತು ವರ್ಷವನ್ನು ಅದರ ಪಕ್ಕದಲ್ಲೇ ನಾಲ್ಕು ಅಂಕಿಗಳಲ್ಲಿ ಅಚ್ಚೊತ್ತಿರುತ್ತಾರೆ. ಬಗ್ಗಿ ಓದುವವರು ಕಡಿಮೆ. ಡಿಕ್ಕಿಯೊಳಗಿನ ಸ್ಟೆಪ್ನಿಯನ್ನಂತೂ ಯಾರೂ ನೋಡುವುದಿಲ್ಲ.

ಟೈರ್ ಸಿಡಿಯುವುದನ್ನು ವಿಧಿಯೆಂದು ಒಪ್ಪಿಕೊಂಡರೆ ಇನ್ನೊಂದು ಅನ್ಯಾಯವಾಗುತ್ತದೆ. ತಪ್ಪಿತಸ್ಥನಿಗೆ ಅದು ನೆಪವಾಗಿ ಒದಗುತ್ತದೆ. 2023ರ ಜುಲೈ 1ರ ನಸುಕಿಗೆ ಮುಂಚೆ ಬುಲ್ಢಾಣಾ ಜಿಲ್ಲೆಯ ಸಿಂದಖೇಡ್ ರಾಜಾ ಬಳಿ, ಇದೇ ಸಮೃದ್ಧಿ ಮಾರ್ಗದಲ್ಲಿ, ಪುಣೆಗೆ ಹೊರಟಿದ್ದ ಖಾಸಗಿ ಬಸ್ಸು ಮಗುಚಿ ಬೆಂಕಿ ಹತ್ತಿ 25 ಜನ ಸುಟ್ಟುಹೋದರು. ಟೈರ್ ಸಿಡಿಯಿತೆಂದು ಚಾಲಕ ಹೇಳಿದ. ಟೈರ್ ಸಿಡಿದ ಕುರುಹಿಲ್ಲವೆಂದು ಸಾರಿಗೆ ಇಲಾಖೆಯ ಪರಿಶೀಲನೆ ಹೇಳಿತು. ಟೈರಿನ ಸ್ಥಿತಿ ಹೊರಡುವ ಮುಂಚೆಯೇ ದಾಖಲಾಗಿದ್ದರೆ ಆ ನೆಪಕ್ಕೆ ಜಾಗವೇ ಇರುತ್ತಿರಲಿಲ್ಲ.

ಕಾನೂನು ಇಲ್ಲದಿಲ್ಲ. ಕಾರು, ಬಸ್ಸುಗಳ ಟೈರಿನ ಗೆರೆಯ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು. ನೋಡುವವರು ಯಾರು, ಯಾವಾಗ? ಬಸ್ಸಿನ ಫಿಟ್‌ನೆಸ್ ಪ್ರಮಾಣಪತ್ರ ಎರಡು ವರ್ಷಕ್ಕೊಮ್ಮೆ, ಬಸ್ಸಿಗೆ ಎಂಟು ವರ್ಷವಾದ ಮೇಲೆ ವರ್ಷಕ್ಕೊಮ್ಮೆ. ರಾತ್ರಿಗೆ ಎಂಟುನೂರು ಕಿ.ಮೀ. ಓಡುವ ಬಸ್ಸು ತಿಂಗಳಿಗೆ ಇಪ್ಪತ್ತು ಸಾವಿರ ಕಿ.ಮೀ. ದಾಟುತ್ತದೆ. ಅದರ ಟೈರು ಪ್ರಮಾಣಪತ್ರದ ತಾರೀಖಿಗೆ ಕಾದು ಕೂರುವುದಿಲ್ಲ. ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬುವವರೆಗೆ ಹೊಗೆ ತಪಾಸಣೆ ಬಿಟ್ಟರೆ ಬೇರೆ ತಪಾಸಣೆಯೇ ಇಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಮಹಾರಾಷ್ಟ್ರದಲ್ಲೇ 15,224. ಇವರಲ್ಲಿ ಯಾರ ಅಂಗಿಯ ಸಂಖ್ಯೆಯನ್ನೂ ಯಾರೂ ಎತ್ತಿಡಲಿಲ್ಲ.

ದಾರಿ ಹೊಸದಾಗಿ ಹುಡುಕಬೇಕಿಲ್ಲ. 2023ರಲ್ಲಿ ಸಮೃದ್ಧಿ ಮಾರ್ಗದ ಪ್ರವೇಶದಲ್ಲಿ ಆರ್‌ಟಿಒ ಸಿಬ್ಬಂದಿ ಟೈರ್ ನೋಡಿ, ಸವೆದ ಟೈರಿನ ವಾಹನಗಳನ್ನು ಒಳಗೆ ಬಿಡದೆ ತಡೆದದ್ದುಂಟು. ಆ ಕ್ರಮ ನಿತ್ಯದ ಕ್ರಮವಾಗಬೇಕು. ಆಮಣೆ, ಕಳಂಬೋಲಿ, ಪನವೇಲ್ ಬಳಿಯ ಪಳಸ್ಪೆ, ಮೂರೂ ಕಡೆ ಬರಬೇಕು. ರಾತ್ರಿಯಲ್ಲೂ ನಡೆಯಬೇಕು, ಏಕೆಂದರೆ ದೂರದ ಬಸ್ಸುಗಳು ಹೊರಡುವುದು ರಾತ್ರಿಯೇ. ಸರ್ಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ನಮ್ಮ ಕನ್ನಡ ಸಂಘಗಳು, ಜಾತಿ ಸಂಘಗಳು, ಭಜನಾ ಮಂಡಳಿಗಳು ಯಾತ್ರೆಗೆ, ಊರಿನ ಜಾತ್ರೆಗೆ ಇಡೀ ಬಸ್ಸನ್ನೇ ಗೊತ್ತು ಮಾಡುತ್ತವೆ. ಎ.ಸಿ. ಇದೆಯೇ, ಮಲಗುವ ಸೀಟು ಎಷ್ಟು ಎಂದು ಕೇಳುವ ಕಾರ್ಯದರ್ಶಿ ಟೈರಿನ ತಾರೀಖನ್ನೂ ಕೇಳಲಿ. ಮುಂಗಡ ಕೊಡುವ ಮುಂಚೆ ಬಸ್ಸಿನ ಸುತ್ತ ಒಂದು ಸುತ್ತು ಬರಲಿ. ಜೋಟಾಗಾಗಿ ಅತ್ತ ಹುಡುಗರು ಸೊಸೈಟಿಯ ಅಂಗಳದಲ್ಲಿ ನಿಂತ ಕಾರುಗಳಿಗೆ ಗಾಳಿಯ ಒತ್ತಡ ಅಳೆಯುವ ಕೆಲಸವನ್ನು ಒಂದು ಭಾನುವಾರ ತಾವೇ ವಹಿಸಿಕೊಳ್ಳಲಿ. ಚೌತಿಗೆ ಊರಿಗೆ ಹೊರಡುವ ಮುಂಚಿನ ಭಾನುವಾರವೇ ಆದರೆ ಒಳ್ಳೆಯದು.